ರಾಜಚಿತ್ತಾರ ತಿಂದ ಮೂವರು

ಗಿಡ ಮಾರುವವನಿಗೆ ಗಿಡದ ಹೆಸರು ಗೊತ್ತಿರಲೇಬೇಕು ಎಂಬ ಕಾನೂನು ಎಲ್ಲೂ ಇಲ್ಲ. ಇದ್ದಿದ್ದರೆ ಮಾತಿನಮಲ್ಲ ತನ್ನ ನರ್ಸರಿಗೆ ಎಂದೋ ಬೀಗ ಜಡಿಯಬೇಕಾಗುತ್ತಿತ್ತು. ಆ ಹೆಸರು ಬೀದಿಯವರು ಇಟ್ಟದ್ದು. ಹೊಗಳಿಕೆ ಎಂದುಕೊಂಡು ಅವನು ಹತ್ತು ವರ್ಷ ಮೆರೆದ. ಆಮೇಲೆ ಅರ್ಥ ತಿಳಿಯಿತು, ಆದರೆ ಅಷ್ಟು ಹೊತ್ತಿಗೆ ಮೆರೆಯುವುದು ಅಭ್ಯಾಸವಾಗಿಬಿಟ್ಟಿತ್ತು. ಮದುವೆಯ ಮಾತುಕತೆಗೆ ಹೋದ ಕಡೆಗಳಲ್ಲೆಲ್ಲ ಇದ್ದ ಮಾತನ್ನೆಲ್ಲ ತಾನೇ ಆಡಿ ಮುಗಿಸಿ ಬಂದಿದ್ದರಿಂದ, ಐವತ್ತೆರಡನೆಯ ವಯಸ್ಸಿನಲ್ಲಿ ನರ್ಸರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಂಟಿಯಾಗಿದ್ದ.

ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ವಾರಕ್ಕೊಮ್ಮೆ ಲಾರಿಯಲ್ಲಿ ಗಿಡಗಳು ಬಂದಿಳಿದ ಕೂಡಲೆ ಪ್ರತಿ ಕುಂಡಕ್ಕೂ ಸಿಕ್ಕಿಸಿರುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಕಿತ್ತು ಬಕೆಟ್ಟಿಗೆ ಎಸೆಯುತ್ತಿದ್ದ. ಅದರ ಮೇಲಿನ ಉದ್ದುದ್ದ ಹೆಸರು ಓದಿದರೆ ಗಿರಾಕಿಗೆ ಗಿಡ ಕೊಳ್ಳುವ ಬದಲು ಡಾಕ್ಟರನ್ನು ನೋಡಬೇಕು ಅನ್ನಿಸುತ್ತದೆ ಎಂಬುದು ಅವನ ವಾದ. ಆಮೇಲೆ ದಪ್ಪ ರಟ್ಟಿನ ಚೀಟಿಗಳನ್ನು ಹರಡಿಕೊಂಡು ಕೂತು, ಗಿಡಗಳ ಮುಖ ನೋಡಿ ಒಂದೊಂದಕ್ಕೂ ಹೆಸರಿಡುತ್ತಿದ್ದ. ಮುಳ್ಳಿದ್ದದ್ದು ವೀರಕಂಕಣ. ಬಾಗಿದ್ದದ್ದು ನಾಚಿಕೆಸುಂದರಿ. ಅಗಲವಾದ ಹಸಿರೆಲೆಯ ಮೇಲೆ ಬಿಳಿ ಚುಕ್ಕೆ ಚೆಲ್ಲಿದ್ದದ್ದು ರಾಜಚಿತ್ತಾರ. ಎರಡು ತಿಂಗಳಲ್ಲಿ ಹೋಗದಿದ್ದರೆ ಅದೇ ಗಿಡಕ್ಕೆ ಬೇರೆ ಹೆಸರು ಇಟ್ಟರಾಯಿತು.

ಎಲ್ಲ ಚೀಟಿಗಳ ಕೆಳಗೂ ಒಂದು ರಬ್ಬರ್ ಸ್ಟ್ಯಾಂಪು ಬೀಳುತ್ತಿತ್ತು: ‘ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸುರಕ್ಷಿತ’. ಹಿಂದೊಮ್ಮೆ ಕಂಕುಳಲ್ಲಿ ಕೂಸು, ಕೈಯಲ್ಲಿ ನಾಯಿಯ ಹಗ್ಗ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ಇದೇ ಪ್ರಶ್ನೆ ಕೇಳಿದ್ದಳು. ಇವನು ಸುರಕ್ಷಿತ ಎಂದ, ಅವಳು ಒಂದಲ್ಲ ನಾಲ್ಕು ಗಿಡ ಒಯ್ದಳು. ಮಾರನೆಯ ದಿನವೇ ಹೋಗಿ ಸ್ಟ್ಯಾಂಪು ಮಾಡಿಸಿಕೊಂಡು ಬಂದ. ಈಗ ಪಾಪಸುಕಳ್ಳಿಯ ಮೇಲೂ ಅದೇ ಇತ್ತು. ಇದನ್ನು ಅವನು ಸುಳ್ಳು ಎಂದುಕೊಂಡಿರಲಿಲ್ಲ. ಇರುವುದನ್ನು ಸ್ವಲ್ಪ ಸೊಗಸು ಮಾಡಿ ಹೇಳುವುದು, ಅಷ್ಟೇ ಎಂದುಕೊಂಡಿದ್ದ.

ಈ ಸೊಗಸಿಗೆ ಒಮ್ಮೆಯೂ ಮರುಳಾಗದವಳು ಅವನ ಅಕ್ಕ. ಎದುರು ಸಾಲಿನ ಮೂರನೆಯ ಮನೆ ಅವಳದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿಯವರ ತಕ್ಕಡಿಗಳಿಗೆ ಮೊಹರು ಹಾಕಿ ನಿವೃತ್ತಳಾದವಳು. ಅವಳು ಸಾಕಿದ ಎರಡು ಮೊಲಗಳಲ್ಲಿ ದೊಡ್ಡದರ ಹೆಸರು ಸೇರು, ಚಿಕ್ಕದರ ಹೆಸರು ಪಾವು. ತಮ್ಮನ ಅಂಗಡಿಯಿಂದ ಅವಳು ಇವತ್ತಿನವರೆಗೆ ಒಂದು ಗಿಡವನ್ನೂ ಒಯ್ದಿರಲಿಲ್ಲ.

ಅದಕ್ಕೆ ಕಾರಣ ಚೀಟಿಯಲ್ಲ, ಅಕ್ಕನ ಗಂಡ, ಇವನ ಭಾವ. ಒಂಬತ್ತು ವರ್ಷದ ಹಿಂದೆ ಭಾವ ಆಸ್ಪತ್ರೆಯಲ್ಲಿದ್ದಾಗ, ಒಳಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿ ಬರಲು ಅಕ್ಕ ತಮ್ಮನನ್ನೇ ಕಳಿಸಿದ್ದಳು. ಇವತ್ತೋ ನಾಳೆಯೋ ಎಂದು ಡಾಕ್ಟರು ಹೇಳಿದ್ದರು. ಹೊರಗೆ ಬಂದು ಅಕ್ಕನ ಮುಖ ನೋಡಿದ ಮಾತಿನಮಲ್ಲನ ಬಾಯಿಂದ ಬಂದದ್ದು, ‘ಚೇತರಿಸಿಕೊಳ್ತಾ ಇದ್ದಾರಂತೆ, ಮುಂದಿನ ವಾರ ಮನೆಗೆ ಕಳಿಸ್ತಾರಂತೆ’ ಎಂಬ ಮಾತು. ಅಕ್ಕ ಮನೆ ಗುಡಿಸಿ, ಮಂಚಕ್ಕೆ ಒಗೆದ ಹೊದಿಕೆ ಹಾಸಲು ಹೋದಳು. ಆ ಮಧ್ಯಾಹ್ನವೇ ಭಾವ ಹೋಗಿಬಿಟ್ಟರು, ಪಕ್ಕದಲ್ಲಿ ಅವಳಿರಲಿಲ್ಲ. ಅವಳು ಬೈಯಲಿಲ್ಲ. ‘ಸೊಗಸಾಗಿ ಹೇಳಿದೆ ಕಣೋ’ ಎಂದಳು. ಅಂದಿನಿಂದ ಅವನು ಹೊರಗೆ ಮಳೆ ಬರುತ್ತಿದೆ ಎಂದರೂ ಅವಳು ಕಿಟಕಿಯಿಂದ ಕೈ ಚಾಚಿ ನೋಡುತ್ತಿದ್ದಳು.

ಅಂಥ ಅಕ್ಕ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಒಂದು ರಾತ್ರಿಯ ಮಟ್ಟಿಗೆ ಹೊರಟಾಗ, ಪಕ್ಕದ ಮನೆಯವರು ಊರಲ್ಲಿಲ್ಲದ ಕಾರಣ, ಮೊಲಗಳ ಪಂಜರವನ್ನು ತಮ್ಮನ ಕೈಗೆ ಕೊಟ್ಟಳು. ಬೇರೆ ದಾರಿಯಿಲ್ಲದೆ ಕೊಟ್ಟದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನಿಗೆ ಎಷ್ಟು ಖುಷಿಯಾಯಿತೆಂದರೆ ಪಂಜರ ಹಿಡಿದುಕೊಂಡು ರಸ್ತೆ ದಾಟುವಾಗ ಕಾಲು ನೆಲಕ್ಕೆ ತಾಗಲಿಲ್ಲ. ಒಂಬತ್ತು ವರ್ಷದ ಮೇಲೆ ಅಕ್ಕ ಏನನ್ನಾದರೂ ಅವನಿಗೆ ನಂಬಿ ಒಪ್ಪಿಸಿದ್ದಳು. ಇದೊಂದನ್ನು ಸರಿಯಾಗಿ ಮಾಡಿದರೆ ಸಾಕು ಎಂದು ಅವನು ನಿಜವಾಗಿಯೂ ಆಸೆಪಟ್ಟ.

ಜೊತೆಗೆ ಒಂದು ಹಾಳೆಯಿತ್ತು, ಅಕ್ಕನ ದುಂಡು ಅಕ್ಷರದಲ್ಲಿ. ‘ಒಣಹುಲ್ಲು: ಯಾವಾಗಲೂ ತುಂಬಿರಬೇಕು. ಸೊಪ್ಪು: ನಾನು ಕಟ್ಟಿಟ್ಟದ್ದು ಮಾತ್ರ. ಹಿಕ್ಕೆ: ಎಣಿಸಬೇಕಾಗಿಲ್ಲ, ನೋಡಬೇಕು. ಪಂಜರದ ಬಾಗಿಲು: ಹಾಕಿರಬೇಕು. ನಿನ್ನ ಗಿಡ: ಬೇಡ.’

ಇಡೀ ದಿನ ಅವನು ಹಾಳೆಯ ಪ್ರಕಾರ ನಡೆದುಕೊಂಡ. ಅವನ ಮಟ್ಟಿಗೆ ಅದು ದೊಡ್ಡ ಸಾಧನೆ. ಸಂಜೆ ಒಣಹುಲ್ಲು ಜಗಿಯುತ್ತಿದ್ದ ಆ ಎರಡು ಜೀವಗಳನ್ನು ನೋಡಿ ಅವನೊಳಗಿನ ಯಜಮಾನ ಎದ್ದು ಕೂತ. ಸಾವಿರ ಗಿಡದ ಒಡೆಯನ ಮನೆಗೆ ಬಂದ ನೆಂಟರು ಒಣಹುಲ್ಲು ತಿನ್ನುವುದೆ? ಪಂಜರದೊಳಗೆ ಮುದುಡಿಕೊಂಡು ಮಲಗುವುದೆ? ಬಾಗಿಲು ತೆಗೆದು ಮೊಲಗಳನ್ನು ಮುಂದಿನ ಕೋಣೆಯಲ್ಲಿ ಬಿಟ್ಟ. ಅಲ್ಲಿ ಇದ್ದದ್ದು ಒಂದೇ ಕುಂಡ. ಅವನ ಹೆಮ್ಮೆಯ ರಾಜಚಿತ್ತಾರ. ಅದರ ಮೇಲೆ ಸುರಕ್ಷಿತ ಎಂದು ಸ್ಟ್ಯಾಂಪು ಇತ್ತಲ್ಲ, ಅವನೂ ನಂಬಿದ. ತಾನು ಹೇಳಿದ್ದನ್ನು ತಾನೇ ನಂಬುವ ಗಿರಾಕಿ ಅವನಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಬೆಳಿಗ್ಗೆ ಆರೂವರೆಗೆ ಎದ್ದು ಬಂದು ನೋಡಿದರೆ ರಾಜಚಿತ್ತಾರದ ಕೆಳಗಿನ ಎಲೆಯ ಅಂಚು ಗರಗಸ ಹಾಯಿಸಿದಂತಾಗಿತ್ತು. ಸೇರು ಬಾಗಿಲ ಬಳಿ ಮೈ ನೆಕ್ಕಿಕೊಳ್ಳುತ್ತಿತ್ತು. ಪಾವು ಕುರ್ಚಿಯ ಕೆಳಗೆ ಮುದ್ದೆಯಾಗಿ ಕೂತಿತ್ತು. ಗದ್ದದ ಕೂದಲು ಒದ್ದೆ, ಬಾಯಿಂದ ಜೊಲ್ಲು, ಮುಂಗಾಲಿನಿಂದ ಮತ್ತೆ ಮತ್ತೆ ಮೂತಿ ಉಜ್ಜಿಕೊಳ್ಳುತ್ತಿತ್ತು. ಮೊಲ ಸತ್ತರೆ ಅಕ್ಕನಿಗೆ ಏನು ಹೇಳುವುದು ಎಂಬ ಯೋಚನೆ ಮೊದಲು ಬಂತು, ಮೊಲ ಸಾಯದಂತೆ ಏನು ಮಾಡುವುದು ಎಂಬುದು ಆಮೇಲೆ. ಈ ಸರದಿ ನೆನೆದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಎರಡು ಬೀದಿ ಆಚೆ ಪ್ರಾಣಿಗಳ ಡಾಕ್ಟರಮ್ಮ ಇದ್ದರು. ಫೋನು ಮಾಡಿದ.

“ಏನು ತಿಂತು?” ಎಂದರು ಡಾಕ್ಟರಮ್ಮ.

“ರಾಜಚಿತ್ತಾರ, ಮೇಡಂ.”

“ಏನು?”

“ರಾಜಚಿತ್ತಾರ. ಅಗಲ ಎಲೆ, ಮೇಲೆ ಬಿಳಿ ಚುಕ್ಕೆ, ನೋಡೋಕೆ ಬಲು...”

“ಅಂಥ ಗಿಡ ನಾನು ಕೇಳೇ ಇಲ್ಲ. ಅದರ ನಿಜವಾದ ಹೆಸರೇನು?”

ನಿಜವಾದ ಹೆಸರು ತಿಂಗಳ ಹಿಂದೆ ಬಕೆಟ್ಟಿಗೆ ಹೋಗಿತ್ತು. ಬಕೆಟ್ಟು ಕಸದ ಗಾಡಿಗೆ ಹೋಗಿತ್ತು. ಮಾತಿನಮಲ್ಲ ಗಂಟಲು ಸರಿಮಾಡಿಕೊಂಡ.

“ಹೆಸರು ನೆನಪಿಗೆ ಬರ್ತಾ ಇಲ್ಲ. ಆದ್ರೆ ಸಾಕುಪ್ರಾಣಿಗಳಿಗೆ ಸುರಕ್ಷಿತ ಅಂತ ಚೀಟಿ ಮೇಲೇ ಇದೆ, ಮೇಡಂ.”

“ಚೀಟಿ ಬರೆದಿದ್ದು ಯಾರು?”

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅವನಿಗೆ ಉತ್ತರ ಹೊಳೆಯದ ಮೊದಲ ಪ್ರಶ್ನೆ ಅದು. ಮಾತು ಬದಲಿಸಿದ.

“ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಲಾ?”

“ಅಯ್ಯೋ, ಖಂಡಿತ ಬೇಡ! ಮೊಲಕ್ಕೆ ವಾಂತಿ ಮಾಡೋಕೆ ಬರೋದೇ ಇಲ್ಲ. ಅದರ ಹೊಟ್ಟೆ ಇರೋದೇ ಹಾಗೆ. ನೀವು ಸುಮ್ಮನೆ ಏನೂ ಸುರೀಬೇಡಿ. ಬಾಯಲ್ಲಿ ಎಲೆ ಚೂರು ಕಾಣಿಸಿದ್ರೆ ಮೆಲ್ಲಗೆ ತೆಗೀರಿ. ಡಬ್ಬದಲ್ಲಿ ಬಟ್ಟೆ ಹಾಸಿ ಬೆಚ್ಚಗೆ ಇಡಿ, ಪಕ್ಕದಲ್ಲಿ ಒಣಹುಲ್ಲಿರಲಿ. ಎರಡನ್ನೂ ಒಟ್ಟಿಗೇ ತನ್ನಿ. ಗಿಡಾನೂ ತನ್ನಿ. ಎಷ್ಟು ತಿಂದಿದೆ, ಯಾವಾಗ ತಿಂದಿದೆ, ನೋಡ್ಕೊಂಡು ಬನ್ನಿ. ಊಹೆ ಮಾಡಿ ಹೇಳ್ಬೇಡಿ.”

ಊಹೆ ಮಾಡಬಾರದಂತೆ. ಅವನ ನರ್ಸರಿಯಿಂದ ಊಹೆಯನ್ನು ತೆಗೆದರೆ ಉಳಿಯುವುದು ಮಣ್ಣು ಮತ್ತು ಕುಂಡ.

ಅಷ್ಟರಲ್ಲಿ ಗಿಡಗಳಿಗೆ ನೀರು ಹಾಕುವ ಅಜ್ಜಿ ಬಂದಳು. ಹನ್ನೆರಡು ವರ್ಷದಿಂದ ಇಲ್ಲೇ ಕೆಲಸ ಮಾಡುವ ಅವಳನ್ನು ಎಲ್ಲರೂ ನೀರಜ್ಜಿ ಎನ್ನುತ್ತಿದ್ದರು. ಪಾವುವನ್ನು ನೋಡಿದಳು, ಕುಂಡವನ್ನು ನೋಡಿದಳು.

“ಇದನ್ನ ತಿಂತಾ? ಇದು ತುರಿಕೆ ಗಿಡ ಅಲ್ವಾ, ಯಜಮಾನ್ರೇ. ಇದರ ಎಲೆ ಕಿತ್ತ ದಿನ ನಂಗೆ ಮೊಣಕೈವರೆಗೂ ಉರಿಯುತ್ತೆ. ಎಷ್ಟು ಸಲ ಹೇಳಿದ್ದೀನಿ ನಿಮಗೆ!”

ಹೇಳಿದ್ದಳು. ಪ್ರತಿ ಸಲವೂ ಅವನು, ‘ನಿಂಗೆ ಕೆಲಸ ಅಂದ್ರೇನೇ ತುರಿಕೆ’ ಎಂದು ನಕ್ಕು ಸುಮ್ಮನಾಗಿಸಿದ್ದ.

ಬುದ್ಧಿಯಿರುವ ಮನುಷ್ಯನಾಗಿದ್ದರೆ ಆ ಕ್ಷಣದಲ್ಲಿ ತಲೆ ತಗ್ಗಿಸಿ ಡಬ್ಬ ಹುಡುಕಲು ಹೋಗುತ್ತಿದ್ದ. ಆದರೆ ನಾ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಮನೆಯಲ್ಲಿ ನಾಲ್ಕು ಕಾಲಿನ ಮೊಲ ಜೊಲ್ಲು ಸುರಿಸುತ್ತಾ ಕೂತರೂ ವಾದ ನಿಲ್ಲುವುದಿಲ್ಲ.

“ಏನೂ ಆಗಲ್ಲ ಅಜ್ಜಿ, ಸುಮ್ಮನೆ ಹೆದರಿಸ್ಬೇಡ. ಇಲ್ಲಿ ನೋಡು!” ಎಂದವನೇ ಅದೇ ಗಿಡದ ಇನ್ನೊಂದು ಎಲೆಯನ್ನು ಬಗ್ಗಿಸಿ, ಒಂದು ತುಂಡು ಕಚ್ಚಿ ಜಗಿದ.

ಬೆಳಗಿನ ಏಳು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ಎದುರಿಗೆ ಅದನ್ನೇ ತಿಂದು ನರಳುವ ಪ್ರಾಣಿಯಿರುವಾಗ, ಒಬ್ಬ ಮನುಷ್ಯ ವಿಷವಿರಬಹುದಾದ ಎಲೆಯನ್ನು ಯಾಕೆ ಬಾಯಿಗೆ ಹಾಕಿಕೊಳ್ಳುತ್ತಾನೆ? ಮುಂದೆ ಇಡೀ ದಿನ ಅವನು ಇದನ್ನೇ ಯೋಚಿಸಿದ. ಒಬ್ಬ ಮುದುಕಿಯ ಎದುರು ಸೋಲಬಾರದು ಎಂಬುದು ಬಿಟ್ಟರೆ ಬೇರೆ ಕಾರಣ ಸಿಗಲಿಲ್ಲ.

ಎರಡು ಸಲ ಜಗಿಯುವಷ್ಟರಲ್ಲಿ ಬಾಯೊಳಗೆ ಸಾವಿರ ಸೂಜಿ ಒಟ್ಟಿಗೆ ಚುಚ್ಚಿದವು. ಉಗಿದ. ನಲ್ಲಿಯ ಕೆಳಗೆ ಬಾಯಿಟ್ಟ. ಮತ್ತೆ ಉಗಿದ. ತುಟಿ ದಪ್ಪವಾಯಿತು, ನಾಲಿಗೆ ಬೇರೆ ಯಾರದೋ ನಾಲಿಗೆಯನ್ನು ತಂದು ಇಟ್ಟಂತಾಯಿತು. ‘ಅಜ್ಜಿ’ ಎನ್ನಲು ಹೋದರೆ ‘ಅಬ್ಬಿ’ ಎಂದು ಬಂತು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ನೀರಜ್ಜಿ ಅವತ್ತು ಕಣ್ಣಾರೆ ನೋಡಿದಳು. ಪಾಪ, ಅವಳು ನಗಲಿಲ್ಲ.

“ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ನೀವು ನಿಜವಾಗ್ಲೂ ಉಂಡುಬಿಟ್ರಲ್ಲ,” ಎಂದು ಮೊಲಗಳನ್ನು ಮೆಲ್ಲಗೆ ಎತ್ತಿ ರಟ್ಟಿನ ಡಬ್ಬದಲ್ಲಿ ಇಟ್ಟಳು. “ನಡೀರಿ ಈಗ. ಕುಂಡ ನೀವು ಹೊತ್ಕೊಳ್ಳಿ, ಇದನ್ನ ನಾನು ಹಿಡ್ಕೊಳ್ತೀನಿ.”

ಎರಡು ಬೀದಿಯ ದಾರಿ ಅವತ್ತು ಉದ್ದವಾಯಿತು. ಮುಂದೆ ಡಬ್ಬ ಹಿಡಿದ ನೀರಜ್ಜಿ, ಹಿಂದೆ ಹೆಗಲ ಮೇಲೆ ಕುಂಡ ಹೊತ್ತು, ಗದ್ದದಿಂದ ಜೊಲ್ಲು ಒರೆಸಿಕೊಳ್ಳುತ್ತಾ ಅವನು. ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು, “ಏನು ಬೆಳಿಗ್ಗೆ ಬೆಳಿಗ್ಗೆ ಹೋಮ್ ಡೆಲಿವರಿನಾ?” ಎಂದು ಕೂಗಿದ. ಮಾಮೂಲಿನ ದಿನವಾದರೆ ಅವನ ಒಂದು ಮಾತಿಗೆ ಇವನು ಹತ್ತು ಹಿಂತಿರುಗಿಸಿ, ಸೇರಿಗೆ ಸವ್ವಾಸೇರು ಎನ್ನಿಸಿಕೊಂಡು ಮುಂದೆ ಹೋಗುತ್ತಿದ್ದ. ಇವತ್ತು ತಲೆಯಲ್ಲಾಡಿಸಿ ನಡೆದ. ಕ್ಷೌರಿಕ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಇಳಿದು, ಇವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ.

ಡಾಕ್ಟರಮ್ಮ ಕುಂಡವನ್ನು ನೋಡಿದ ಕೂಡಲೆ, “ಓ, ಇದು ಡೈಫೆನ್‌ಬೇಕಿಯಾ,” ಎಂದರು. ಆಮೇಲೆ ಕಿಟಕಿಯ ಮೇಲುಗಡೆಯ ಎತ್ತರದ ಹಲಗೆಯತ್ತ ಕೈ ತೋರಿಸಿದರು. ಅಲ್ಲಿ ಅದೇ ಗಿಡ, ಇದಕ್ಕಿಂತ ಎರಡು ಪಟ್ಟು ದೊಡ್ಡದು. ಕುಂಡದಲ್ಲಿ ಅವನದೇ ಅಕ್ಷರದ ಚೀಟಿ: ‘ವನಸಿರಿ’. ಕೆಳಗೆ ಸ್ಟ್ಯಾಂಪು. ಎರಡು ವರ್ಷದ ಹಿಂದೆ ಇದೇ ಗಿಡ ವನಸಿರಿಯಾಗಿತ್ತು ಎಂಬುದನ್ನು ಅವನೇ ಮರೆತಿದ್ದ.

“ನಿಮ್ಮ ಹತ್ರಾನೇ ತಗೊಂಡಿದ್ದು. ಚೀಟಿ ಓದಿ ಅನುಮಾನ ಬಂತು, ಪುಸ್ತಕ ತೆಗೆದು ನೋಡಿದೆ. ನಾಯಿ ಬೆಕ್ಕಿಗೆ ಎಟುಕದ ಹಾಗೆ ಮೇಲೆ ಇಟ್ಟೆ. ಮಾತಾಡಿ, ಯಾಕೆ ಸುಮ್ಮನಿದ್ದೀರಿ?”

“ಅವರೂ ತಿಂದಿದ್ದಾರೆ,” ಎಂದಳು ನೀರಜ್ಜಿ.

ಡಾಕ್ಟರಮ್ಮ ಒಂದು ಗಳಿಗೆ ಅವನನ್ನೇ ನೋಡಿದರು. “ಉಸಿರಾಡೋಕೆ ಕಷ್ಟ ಆಗ್ತಿದೆಯಾ? ನುಂಗೋಕೆ?” ಅವನು ಅಡ್ಡಡ್ಡ ತಲೆಯಾಡಿಸಿದ. “ಹಾಗಾದ್ರೂ ಇಲ್ಲಿಂದ ಸೀದಾ ಪಕ್ಕದ ಕ್ಲಿನಿಕ್ಕಿಗೆ ಹೋಗಿ ತೋರಿಸ್ಕೊಳ್ಳಿ. ನಾನು ನೋಡೋದು ನಾಲ್ಕು ಕಾಲಿನವರನ್ನ ಮಾತ್ರ.”

ಸೇರುವಿನ ಬಾಯಿ ಸರಿಯಾಗಿತ್ತು, ಅದು ಒಂದು ಸಲ ಕಚ್ಚಿ ಬಿಟ್ಟಿದ್ದಿರಬೇಕು. ಪಾವುವಿನ ಒಸಡು ಕೆಂಪಾಗಿ ಊದಿಕೊಂಡಿತ್ತು. ಡಾಕ್ಟರಮ್ಮ ಬಾಯಿ ತೊಳೆದು, ನೋವಿನ ಇಂಜೆಕ್ಷನ್ ಕೊಟ್ಟು, ಗಂಟಲಿನ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಗಿಡದ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು.

“ಈ ಅಂಚಲ್ಲಿ ಮೊಲದ ಹಲ್ಲಿದೆ. ಜಾಸ್ತಿ ಇಲ್ಲ, ಉಗುರಿನಷ್ಟು. ಮತ್ತೆ ಇದೇನು, ಇಷ್ಟು ದೊಡ್ಡ ಅರ್ಧಚಂದ್ರ?”

ಮಾತಿನಮಲ್ಲ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ.

“ಅಂದ್ರೆ ಮೂವರಲ್ಲಿ ಹೆಚ್ಚು ತಿಂದಿರೋದು ನೀವೇ,” ಎಂದರು ಡಾಕ್ಟರಮ್ಮ. ಅವರು ನಗಲಿಲ್ಲ, ಚೀಟಿಯಲ್ಲಿ ಬರೆದುಕೊಂಡರು. “ಕೇಳಿ. ಈ ಎಲೆಯಲ್ಲಿ ಕಣ್ಣಿಗೆ ಕಾಣದ ಮುಳ್ಳಿರುತ್ತೆ, ಬಾಯಿಗೆ ಚುಚ್ಚುತ್ತೆ. ವಿಷ ಏರಿ ಸಾಯುತ್ತೆ ಅನ್ನೋ ಭಯ ನಂಗಿಲ್ಲ. ಬೇರೆ ಭಯ ಇದೆ. ಬಾಯಿ ನೋಯ್ತಿದ್ರೆ ಮೊಲ ತಿನ್ನೋದು ಬಿಡುತ್ತೆ. ತಿನ್ನೋದು ಬಿಟ್ರೆ ಕರುಳು ನಿಂತುಹೋಗುತ್ತೆ. ಮೊಲದ ಕರುಳು ನಿಲ್ಲಬಾರದು, ನಿಂತ್ರೆ ಉಳಿಸೋದು ಕಷ್ಟ. ಈ ಹಿಟ್ಟನ್ನ ನೀರಲ್ಲಿ ಕಲಸಿ ಎರಡು ಗಂಟೆಗೊಂದು ಸಲ ಸಿರಿಂಜಲ್ಲಿ, ಬಾಯಿ ಪಕ್ಕದಿಂದ, ಸ್ವಲ್ಪ ಸ್ವಲ್ಪ ಕೊಡಿ. ಹಿಕ್ಕೆ ಹಾಕುತ್ತಾ ನೋಡ್ತಾ ಇರಿ. ಸಂಜೆ ಆರರೊಳಗೆ ಹಾಕದಿದ್ರೆ ತಕ್ಷಣ ಕರ್ಕೊಂಡು ಬನ್ನಿ.”

ಬದುಕುತ್ತದೆಯೇ ಎಂದು ಅವನು ಕೈಸನ್ನೆಯಲ್ಲಿ ಕೇಳಿದ.

“ನಾಳೆ ಬೆಳಿಗ್ಗೆ ಹೇಳ್ತೀನಿ. ಇವತ್ತು ನಂಗೆ ಗೊತ್ತಿಲ್ಲ.”

ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳಬಹುದು ಎಂಬುದು ಅವನಿಗೆ ಹೊಸದು. ಆ ಮಾತು ಕೇಳಿ ಭಯವಾಯಿತು, ಆದರೂ ಡಾಕ್ಟರಮ್ಮನ ಮೇಲೆ ನಂಬಿಕೆ ಕಡಿಮೆಯಾಗಲಿಲ್ಲ.

ಪಕ್ಕದ ಕ್ಲಿನಿಕ್ಕಿನಲ್ಲಿ ಅವನಿಗೂ ಒಂದು ಇಂಜೆಕ್ಷನ್ ಬಿತ್ತು. ಮನೆಗೆ ಬಂದು, ಅಂಗಡಿಗೆ ರಜೆ ಎಂದು ಹಲಗೆ ತೂಗುಹಾಕಿ, ಬಾಯಲ್ಲಿ ಐಸ್ ತುಂಡು ಇಟ್ಟುಕೊಂಡು ಪಂಜರದ ಮುಂದೆ ಚಾಪೆ ಹಾಸಿ ಕೂತ. ಹತ್ತು ಗಂಟೆಗೆ ಹಿಟ್ಟು ಕೊಟ್ಟ. ಅರ್ಧ ಪಾವುವಿನ ಒಳಗೆ, ಅರ್ಧ ಅವನ ಅಂಗಿಯ ಮೇಲೆ. ಹನ್ನೆರಡಕ್ಕೆ ಮತ್ತೆ ಕೊಟ್ಟ. ಸೇರು ಮಾತ್ರ ಲೆಕ್ಕವಿಲ್ಲದಷ್ಟು ಹಿಕ್ಕೆ ಹಾಕುತ್ತಿತ್ತು. ಅದನ್ನು ಬೇರೆ ಮಾಡದಿದ್ದರೆ ಯಾವುದು ಯಾರದೆಂದು ತಿಳಿಯುವುದಿಲ್ಲ ಎಂದು ನೀರಜ್ಜಿ ನಡುವೆ ಒಂದು ಹಲಗೆ ನಿಲ್ಲಿಸಿದಳು. ತನಗೆ ಇದು ಯಾಕೆ ಹೊಳೆಯಲಿಲ್ಲ ಎಂದು ಕೇಳಿಕೊಳ್ಳುವುದನ್ನು ಅವನು ಬೆಳಿಗ್ಗೆಯೇ ಬಿಟ್ಟಿದ್ದ. ಇಪ್ಪತ್ತು ವರ್ಷ ದುಡಿದು, ಹೆಸರು ಮಾಡಿ, ಕೊನೆಗೆ ಮೊಲದ ಹಿಕ್ಕೆಗಾಗಿ ನೆಲಕ್ಕೆ ಕೆನ್ನೆ ತಾಗಿಸಿ ಕಾಯುವ ಸ್ಥಿತಿಗೆ ಬಂದೆನಲ್ಲ ಎಂದುಕೊಂಡ. ಆದರೆ ಅವನು ಎದ್ದು ಹೋಗಲಿಲ್ಲ.

ಒಂದು ಗಂಟೆಗೆ ಅಕ್ಕನ ಫೋನು ಬಂತು. ಅವನು ಫೋನನ್ನು ನೀರಜ್ಜಿಯ ಕೈಗೆ ಕೊಟ್ಟು, ಎಲ್ಲ ಚೆನ್ನಾಗಿದೆ ಎಂದು ಹೇಳುವಂತೆ ಹೆಬ್ಬೆರಳು ಎತ್ತಿ ಸನ್ನೆ ಮಾಡಿದ. ನೀರಜ್ಜಿ ಆ ಹೆಬ್ಬೆರಳನ್ನು ನೋಡಿಯೂ ನೋಡದವಳಂತೆ ಗೋಡೆಯ ಕಡೆ ತಿರುಗಿದಳು.

“ಯಜಮಾನ್ರ ನಾಲಿಗೆ ಊದಿದೆ ಕಣಮ್ಮ, ಮಾತಾಡೋಕೆ ಆಗ್ತಿಲ್ಲ. ನೀವು ಬಂದ್ಮೇಲೆ ಅವರೇ ಹೇಳ್ತಾರೆ.”

“ಅವನ ನಾಲಿಗೆನಾ?” ಅಕ್ಕನ ನಗು ಕೋಣೆಗೆಲ್ಲ ಕೇಳಿಸಿತು. “ದೇವರಿದ್ದಾನೆ ಹಾಗಾದ್ರೆ. ಐದು ಗಂಟೆಗೆ ಬರ್ತೀನಿ, ಜೊತೆಗೆ ಆಪರೇಷನ್ ಆದವರ ಕಾರಲ್ಲಿ.”

ಎರಡಕ್ಕೆ ಹಿಟ್ಟು ಕೊಟ್ಟ. ನಾಲ್ಕಕ್ಕೆ ಕೊಟ್ಟ. ಪಾವು ಹಿಕ್ಕೆ ಹಾಕಲಿಲ್ಲ. ಒಣಹುಲ್ಲನ್ನು ಮೂಸಿ ನೋಡಿ ಮುಖ ತಿರುಗಿಸಿತು. ನಾಲ್ಕೂವರೆಯ ಹೊತ್ತಿಗೆ ಅವನ ನಾಲಿಗೆಯ ಊತ ಇಳಿಯತೊಡಗಿತು, ಅದರ ಜೊತೆಗೆ ಹಳೆಯ ಬುದ್ಧಿಯೂ ಮರಳಿ ಬಂತು. ಅಕ್ಕನ ಒಂದು ಕಣ್ಣಿಗೆ ಪಟ್ಟಿಯಿರುತ್ತದೆ, ಇನ್ನೊಂದು ಕಣ್ಣು ಮೊದಲೇ ಮಂಜು. ಗದ್ದ ಒರೆಸಿ ಪಂಜರವನ್ನು ಮೂಲೆಗೆ ಇಟ್ಟರೆ ಏನು ಕಾಣುತ್ತದೆ? ನಿನ್ನೆ ಆಡಿ ಆಡಿ ದಣಿದಿದೆ, ಮಲಗಿದೆ ಎನ್ನಬಹುದು. ಇಲ್ಲವೆ ನಿನ್ನನ್ನು ನೆನೆಸಿಕೊಂಡು ಊಟ ಬಿಟ್ಟಿದೆ ಎನ್ನಬಹುದು, ಅದು ಇನ್ನೂ ಚೆಂದ, ಅಕ್ಕನಿಗೂ ಹಿತ. ಮೂರನೆಯದೂ ಒಂದಿತ್ತು. ಮೂರನ್ನೂ ಬಾಯೊಳಗೆ ಆಡಿಸಿ ನೋಡಿದ. ಮೂರೂ ಸೊಗಸಾಗಿದ್ದವು.

ಸೊಗಸು ಎಂಬ ಆ ಪದ ಬಂದ ಕೂಡಲೆ ಒಗೆದ ಹೊದಿಕೆ ಹಾಸಿದ ಆ ಮಂಚ ನೆನಪಾಯಿತು. ಅಂದು ಅವನು ಸುಳ್ಳು ಹೇಳಿದ್ದು ಅಕ್ಕನ ಮೇಲಿನ ಕರುಣೆಯಿಂದ ಎಂದು ಒಂಬತ್ತು ವರ್ಷ ನಂಬಿದ್ದ. ಅದೂ ತಾನೇ ಅಂಟಿಸಿದ ಚೀಟಿ. ಅವಳು ಅಳುವುದನ್ನು ನೋಡಲು ಅವನಿಗೆ ಧೈರ್ಯವಿರಲಿಲ್ಲ, ಅದಕ್ಕೇ ಹಾಗೆ ಹೇಳಿದ್ದ.

ಐದಕ್ಕೆ ಸರಿಯಾಗಿ ಕಾರು ನಿಂತಿತು. ಅಕ್ಕ ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಮನೆಗೂ ಹೋಗದೆ ನೇರವಾಗಿ ಇಲ್ಲಿಗೇ ಬಂದಳು. ನೀರಜ್ಜಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಯಾರೂ ಕೇಳದಿದ್ದರೂ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು.

“ಏನೋ, ನಾಲಿಗೆ ಬಂತಾ?” ಎಂದಳು ಅಕ್ಕ.

“ಬಂತು, ಅಕ್ಕ.” ಮಾತು ಇನ್ನೂ ದಪ್ಪವಾಗಿತ್ತು. “ಅಕ್ಕ, ನಿನ್ನೆ ರಾತ್ರಿ ನಾನು ಪಂಜರದ ಬಾಗಿಲು ತೆಗೆದೆ. ಹಾಕಿರಬೇಕು ಅಂತ ನೀನು ಬರೆದಿದ್ದೆ. ಆದ್ರೂ ತೆಗೆದೆ.”

ಅಕ್ಕ ಪಂಜರದ ಕಡೆ ಮುಖ ತಿರುಗಿಸಿದಳು.

“ನನ್ನ ಗಿಡಾನ ಪಾವು ತಿಂತು. ಉಗುರಿನಷ್ಟು. ಅದು ವಿಷದ ಗಿಡ. ನಂಗೆ ಗೊತ್ತಿರಲಿಲ್ಲ, ಯಾಕಂದ್ರೆ ಗೊತ್ತು ಮಾಡ್ಕೊಳ್ಳೋದೇ ಇಲ್ಲ ನಾನು. ಹೆಸರೂ ಸುಳ್ಳು, ಸ್ಟ್ಯಾಂಪೂ ಸುಳ್ಳು. ಬಾಯಿ ಊದಿದೆ. ಡಾಕ್ಟ್ರ ಹತ್ರ ಹೋಗಿದ್ವಿ. ಬೆಳಿಗ್ಗೆಯಿಂದ ನಾಲ್ಕು ಸಲ ಹಿಟ್ಟು ಕೊಟ್ಟಿದ್ದೀನಿ. ತಾನಾಗಿ ಏನೂ ತಿಂದಿಲ್ಲ. ಹಿಕ್ಕೆನೂ ಹಾಕಿಲ್ಲ. ಆರರೊಳಗೆ ಹಾಕದಿದ್ರೆ ಮತ್ತೆ ಹೋಗ್ಬೇಕು.”

“ಉಳಿಯುತ್ತಾ?”

ಅವನ ನಾಲಿಗೆಯ ತುದಿಗೆ ‘ಉಳಿಯುತ್ತೆ ಬಿಡು ಅಕ್ಕ’ ಎಂಬುದು ಬಂದು ನಿಂತಿತ್ತು. ಅದನ್ನು ನುಂಗಿದ. ಬೆಳಗಿನ ಎಲೆಗಿಂತ ಅದನ್ನು ನುಂಗುವುದು ಕಷ್ಟವಾಯಿತು.

“ಗೊತ್ತಿಲ್ಲ. ನಾಳೆ ಬೆಳಿಗ್ಗೆ ಹೇಳ್ತೀನಿ ಅಂದ್ರು.”

ಅಕ್ಕ ಬೈಯಲಿ ಎಂದು ಅವನು ಕಾದ. ಅವಳು ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಪಟ್ಟಿಯಿಲ್ಲದ ಕಣ್ಣು ಒದ್ದೆಯಾಗಿತ್ತು.

“ಅವತ್ತೂ ನಂಗೆ ಇಷ್ಟೇ ಬೇಕಾಗಿತ್ತು ಕಣೋ,” ಎಂದಳು. “ಗೊತ್ತಿದ್ದಿದ್ರೆ ಪಕ್ಕದಲ್ಲಿ ಕೂತ್ಕೊಂಡಿರ್ತಿದ್ದೆ.”

ಮಾತಿನಮಲ್ಲ ಅತ್ತ. ಐವತ್ತೆರಡು ವರ್ಷದವನು, ಊದಿದ ತುಟಿಯವನು, ಅಂಗಿಯ ತುಂಬ ಮೊಲದ ಹಿಟ್ಟು ಮೆತ್ತಿಕೊಂಡವನು ಅತ್ತರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ಅವನಿಗೇ ಗೊತ್ತಿತ್ತು. ಕ್ಷಮಿಸು ಎಂದ. ಅದು ‘ಚಮಿಚು’ ಎಂದು ಬಂತು. ಅಕ್ಕ ತಿದ್ದಲಿಲ್ಲ.

“ಸರಿ, ಅಳೋದು ಆಮೇಲೆ,” ಎಂದು ಅವಳು ಕುರ್ಚಿಯಿಂದ ಇಳಿದು ಚಾಪೆಯ ಮೇಲೆ, ಪಂಜರದ ಪಕ್ಕದಲ್ಲಿ ಕೂತಳು. “ಬಗ್ಗಬೇಡ ಅಂದಿದ್ದಾರೆ ನಂಗೆ. ನೀನು ನೋಡಿ ಹೇಳು. ಕಂಡಷ್ಟೇ ಹೇಳು.”

ಅವನು ನೆಲಕ್ಕೆ ಕೆನ್ನೆಯಿಟ್ಟು ಮಲಗಿದ. ಅಕ್ಕ ತಂತಿಗಳ ನಡುವೆ ಬೆರಳು ತೂರಿಸಿ ಪಾವುವಿನ ಹಣೆ ಸವರುತ್ತಿದ್ದಳು. ನೀರಜ್ಜಿ ತಂದಿಟ್ಟ ಕಾಫಿ ಆರಿತು. ಐದೂ ಕಾಲಾಯಿತು, ಐದೂವರೆಯಾಯಿತು. ಮಾತಿಲ್ಲದೆ ಅಷ್ಟು ಹೊತ್ತು ಒಬ್ಬರ ಪಕ್ಕ ಒಬ್ಬರು ಇದ್ದು ಒಂಬತ್ತು ವರ್ಷವಾಗಿತ್ತು.

ಆರಕ್ಕೆ ಹತ್ತು ನಿಮಿಷ ಇರುವಾಗ ಪಾವು ಎದ್ದು, ಮೈ ಕೊಡವಿ, ಎರಡು ಹೆಜ್ಜೆ ಕುಪ್ಪಳಿಸಿತು. ಅದು ಕೂತಿದ್ದ ಜಾಗದಲ್ಲಿ ಏನೋ ಇತ್ತು. ಅವನು ಇನ್ನಷ್ಟು ಹತ್ತಿರ ಹೋಗಿ ನೋಡಿದ. ಗೆದ್ದೆವು, ಬದುಕಿತು, ಇನ್ನು ಭಯವಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕೆನಿಸಿತು.

“ಅಕ್ಕ, ಹಿಕ್ಕೆ ಹಾಕಿದೆ.”

“ಎಷ್ಟು?”

“ಒಂದು. ಚಿಕ್ಕದು.”

ಅಕ್ಕ ಕೈ ಚಾಚಿ ನೋಡಲಿಲ್ಲ. “ಸರಿ,” ಎಂದಳು.